ಫಿಯೋರ್ಡಿನ ಹೊಸ್ತಿಲು

ನಾರ್ವೆಯ ಪಶ್ಚಿಮ ಕರಾವಳಿಯಿಂದ ಮಲೆಗಳ ನಡುವೆ 179 ಕಿಲೋಮೀಟರಿನಷ್ಟು ಒಳನುಗ್ಗಿರುವ ಕಡಲಿನ ತೋಳಿಗೆ ಹಾರ್ಡಾಂಗರ್ ಫಿಯೋರ್ಡ್ ಎಂದು ಹೆಸರು. ಹಿಮಯುಗಗಳಲ್ಲಿ ಹಳೆಯ ನದೀಕಣಿವೆಗಳಿಗಿಳಿದ ಹಿಮನದಿಗಳು ಬಂಡೆಯನ್ನು ಉಜ್ಜಿ ಆಳಗೊಳಿಸಿದವು. ಹಿಮ ಕರಗಿದಂತೆ ಸಮುದ್ರವು ಒಳಬಂದಿತು. ಕೆಲವೆಡೆ ಆಳ 800 ಮೀಟರಿಗೂ ಮಿಕ್ಕಿದೆ. ಬಾಯಿಯ ಬಳಿ ಮಾತ್ರ ಹಿಮದ ಬಲ ಕುಂದಿದ್ದರಿಂದ ಬಂಡೆಯು ಹೊಸ್ತಿಲಿನಂತೆ ಉಳಿದಿದೆ. ತಳದ ನೀರು ಇದನ್ನು ದಾಟಿ ಸುಲಭವಾಗಿ ಹೊರಹೋಗದು. ಈ ಸಂಗತಿ ಓದುಗರ ನೆನಪಿನಲ್ಲಿರಲಿ.

ಉತ್ತರ ಅಕ್ಷಾಂಶ 60 ಡಿಗ್ರಿಯಲ್ಲಿದ್ದರೂ ಇಲ್ಲಿನ ಇಳಿಜಾರುಗಳಲ್ಲಿ ಸೇಬು ಸಮೃದ್ಧವಾಗಿ ಬೆಳೆಯುತ್ತದೆ. ಅಟ್ಲಾಂಟಿಕದ ಬಿಸಿಪ್ರವಾಹದ ಕೃಪೆ ಅದು. ಮಧ್ಯಯುಗದಲ್ಲಿ ಕ್ರೈಸ್ತ ಸನ್ಯಾಸಿಗಳು ಹಣ್ಣಿನ ಕೃಷಿಯನ್ನು ಇಲ್ಲಿಗೆ ತಂದರೆಂಬುದು ಪ್ರತೀತಿ.

ಫಿಯೋರ್ಡಿನ ದಕ್ಷಿಣದ ಕವಲಾದ ಸೋರ್ ಫಿಯೋರ್ಡಿನ ತುದಿಯಲ್ಲಿರುವುದು ಒಡ್ಡಾ ಪಟ್ಟಣ. 1908ರಲ್ಲಿ ಸಮೀಪದ ಟಿಸ್ಸೆಡಾಲಿನ ವಿದ್ಯುದಾಗಾರದಿಂದ ಒಡ್ಡಾದ ಕಾರ್ಬೈಡ್ ಕಾರ್ಖಾನೆಗೆ ವಿದ್ಯುತ್ ಹರಿಯಿತು. 600 ಮೀಟರಿಗೂ ಎತ್ತರದಿಂದ ಧುಮುಕುತ್ತಿದ್ದ ಟಿಸ್ಸೆ ಜಲಪಾತವು ಕಾಲಕ್ರಮದಲ್ಲಿ ವರ್ಷದ ಬಹುಕಾಲ ಬರಿಯ ಬಂಡೆಯಾಯಿತು. ಆ ಕಾರ್ಖಾನೆಯಲ್ಲಿಯೇ 1927–28ರ ಸುಮಾರಿಗೆ ಎರ್ಲಿಂಗ್ ಜಾನ್ಸನ್ ಎಂಬ ರಸಾಯನಜ್ಞರು ರಂಜಕದ ಶಿಲೆಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಗೊಬ್ಬರ ತಯಾರಿಸುವ ವಿಧಾನವನ್ನು ಕಂಡುಹಿಡಿದರು. ದ್ರಾವಣವನ್ನು ತಣಿಸಿ ಕ್ಯಾಲ್ಸಿಯಂ ನೈಟ್ರೇಟನ್ನು ಹರಳುಗಟ್ಟಿಸಿ ಬೇರ್ಪಡಿಸುವುದೇ ಅದರ ಜಾಣ್ಮೆ. ಗೊಬ್ಬರಶಾಸ್ತ್ರದ ಪಠ್ಯಗಳಲ್ಲಿ ಇಂದಿಗೂ ಅದು ಒಡ್ಡಾ ವಿಧಾನ. ಭಾರತದ ನೈಟ್ರೋಫಾಸ್ಫೇಟ್ ತಯಾರಿಕೆಯಲ್ಲೂ ಅದು ಬಳಕೆಗೆ ಬಂದಿದೆ. ವಿದ್ಯಾರ್ಥಿದೆಸೆಯಲ್ಲಿ ಈ ಹೆಸರನ್ನು ಬಾಯಿಪಾಠ ಮಾಡಿದ ನನಗೆ ಅದೊಂದು ಊರೆಂದು ತಿಳಿದದ್ದು ಎಷ್ಟೋ ವರ್ಷಗಳ ಬಳಿಕ. ಆ ಊರಿನ ನೀರಿಗೆ ಏನಾಯಿತೆಂದು ಯಾವ ಪಾಠವೂ ಹೇಳಿರಲಿಲ್ಲ.

1929ರಲ್ಲಿ ಅಲ್ಲಿ ಸತುವಿನ ಕಾರ್ಖಾನೆಯೂ ಆರಂಭವಾಯಿತು. ಅದರ ತ್ಯಾಜ್ಯ ದಶಕಗಳ ಕಾಲ ಫಿಯೋರ್ಡಿಗೇ ಬಿತ್ತು. ಸತು, ಸೀಸ, ಕ್ಯಾಡ್ಮಿಯಂ, ಪಾದರಸಗಳು ಹೊರಹೋಗಲಾರದೆ ತಳದ ಕೆಸರಿನಲ್ಲಿ ನೆಲೆಸಿದವು. 1970ರ ದಶಕದ ಹೊತ್ತಿಗೆ ಸೋರ್ ಫಿಯೋರ್ಡ್ ಭಾರಲೋಹಗಳಿಂದ ಜಗತ್ತಿನಲ್ಲೇ ಅತಿ ಹೆಚ್ಚು ಮಲಿನಗೊಂಡ ಫಿಯೋರ್ಡುಗಳಲ್ಲೊಂದೆನಿಸಿತ್ತು. ಅಲ್ಲಿನ ಚಿಪ್ಪುಮೀನನ್ನು ತಿನ್ನಬಾರದೆಂದು ಸರ್ಕಾರವೇ ಎಚ್ಚರಿಸಬೇಕಾಯಿತು.

1986ರಿಂದ ಆ ತ್ಯಾಜ್ಯವನ್ನು ಬೆಟ್ಟದೊಳಗೆ ಕೊರೆದ ಗುಹೆಗಳಲ್ಲಿ ತುಂಬಲಾಗುತ್ತಿದೆ. ನೀರಿನಲ್ಲಿ ಲೋಹಗಳ ಪ್ರಮಾಣ ಬಹಳ ಇಳಿದಿರುವುದು ನಿಜ, ಅದನ್ನು ಮೆಚ್ಚಲೇಬೇಕು. ಆದರೆ ಇದನ್ನು ಪರಿಹಾರವೆಂದು ಕರೆಯಲು ನನಗೆ ಮನಸ್ಸಾಗದು: ಕಾರ್ಖಾನೆ ನಡೆಯುವಷ್ಟು ಕಾಲವೂ ಬೆಟ್ಟವನ್ನು ಕೊರೆಯುತ್ತಲೇ ಇರಬೇಕು. ಕಾರ್ಬೈಡ್ ಕಾರ್ಖಾನೆ 2003ರಲ್ಲಿ ದಿವಾಳಿಯಾಗಿ ಹೋಯಿತು. ಹಳೆಯ ಕೆಸರು ಇನ್ನೂ ಹೊಸ್ತಿಲಿನ ಒಳಗೇ ಇದೆ, ಸೇಬಿನ ತೋಟಗಳ ಕೆಳಗೆ.