ಅಳಿವೆಯ ಹಲಗೆಯಾಟಕ್ಕೆ ಬೇಕು ಎರಡು ಬಗೆಯ ಎಚ್ಚರ

ಮಂಗಳೂರು: 2024ರ ಮಾರ್ಚ್‌ನಲ್ಲಿ ಸಸಿಹಿತ್ಲು ಕಡಲತೀರದಲ್ಲಿ ಅಂತರರಾಷ್ಟ್ರೀಯ ಸ್ಟ್ಯಾಂಡ್‌ಅಪ್ ಪ್ಯಾಡಲ್ ಸ್ಪರ್ಧೆ ನಡೆದ ಬಳಿಕ, ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಈ ಕ್ರೀಡೆ ಕರಾವಳಿಗೆ ಅಪರಿಚಿತವಾಗಿ ಉಳಿದಿಲ್ಲ. ಆದರೆ ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಇಲ್ಲಿ ನೀರಿನ ಸ್ವಭಾವ ಎರಡು ಬಗೆಯದು. ರಕ್ಷಣಾ ಸಾಧನವೂ ಅದಕ್ಕೆ ತಕ್ಕಂತಿರಬೇಕು.

ಅಲೆಗಳ ನಡುವೆ ಕಣಕಾಲಿಗೆ ಕಟ್ಟಿದ ಹಗ್ಗ ಹಲಗೆ ಕೈತಪ್ಪದಂತೆ ಕಾಯುತ್ತದೆ. ಹರಿಯುವ ಹೊಳೆಯಲ್ಲಿ ಅದೇ ಹಗ್ಗ ಕಂಬಕ್ಕೋ ಬೇರಿಗೋ ಸಿಲುಕಿದರೆ ಸವಾರನನ್ನು ನೀರಿನಡಿಯಲ್ಲೇ ಹಿಡಿದಿಡಬಲ್ಲದು. ಅಲ್ಲಿ ಸೊಂಟಕ್ಕೆ ಕಟ್ಟುವ, ಒಂದೇ ಎಳೆತಕ್ಕೆ ಕಳಚಿಕೊಳ್ಳುವ ಹಗ್ಗವೇ ಸುರಕ್ಷಿತ.

ಮುಂಜಾನೆ ನೆಲದಿಂದ ಬೀಸುವ ಗಾಳಿಗೆ ದಡದ ನೀರು ಶಾಂತವಾಗಿ ಕಾಣುತ್ತದೆ. ಇಳಿತದ ಸೆಳೆತ ಅದರ ಜೊತೆಗೂಡಿದರೆ ನಿಂತ ಸವಾರ ಕಡಲಿನತ್ತ ಸಾಗಿಬಿಡುತ್ತಾನೆ. ಹಲಗೆ ಬಾಡಿಗೆಗೆ ಕೊಡುವವರು ಲೈಫ್ ಜಾಕೆಟ್ ಜೊತೆಗೆ ಉಬ್ಬರವಿಳಿತದ ವೇಳೆಯನ್ನೂ ತಿಳಿಸುವುದು ಕಡ್ಡಾಯವಾಗಬೇಕು.