ಮೇಘದಲ್ಲಿ ಅಂಗಡಿಯ ಲೆಕ್ಕ

ನಮ್ಮ ಸಮಾಜಬಾಂಧವರಲ್ಲಿ ಅಂಗಡಿ, ಅಡತಿ, ಗಿರಣಿಗಳನ್ನೇ ಕಾಯಕವಾಗಿ ಉಳ್ಳವರು ಅನೇಕರು. ದೀಪಾವಳಿಗೆ ಖಾತೆಪುಸ್ತಕ ಪೂಜಿಸುವ ಮನೆಗಳಲ್ಲಿಯೂ ಈಗ ಲೆಕ್ಕವು ಕಂಪ್ಯೂಟರಿನಲ್ಲಿದೆ. ಮಕ್ಕಳು ಅದನ್ನೂ 'ಕ್ಲೌಡ್'ಗೆ ಸಾಗಿಸೋಣವೆನ್ನುತ್ತಾರೆ. ಲೆಕ್ಕವನ್ನು ಆಕಾಶದಲ್ಲಿಟ್ಟರೆ ಮುಂದೆ ಕೇಳುವುದು ಯಾರನ್ನು ಎಂಬುದು ಹಿರಿಯರ ಸಂದೇಹ. ಸಂದೇಹವು ಯೋಗ್ಯವಾದುದೇ.

ಮೇಘವೆಂಬುದು ಹೆಸರು ಮಾತ್ರ. ಲೆಕ್ಕವಿರುವುದು ನೆಲದ ಮೇಲಿನ ಕಟ್ಟಡದಲ್ಲಿ, ಪರರ ಯಂತ್ರದಲ್ಲಿ. ಸ್ವಂತ ಉಗ್ರಾಣ ಕಟ್ಟಿಸದೆ ಬೇಕಾದಷ್ಟು ಜಾಗವನ್ನು ಬಾಡಿಗೆಗೆ ಹಿಡಿದಂತೆ. ಅಮೆಜಾನ್ ಸಂಸ್ಥೆಯು 2006ರಲ್ಲಿ ಇಂತಹ ಸೇವೆಯನ್ನು ಆರಂಭಿಸಿ, 2016ರಲ್ಲಿ ಮುಂಬಯಿಯಲ್ಲಿಯೂ ಕೇಂದ್ರಗಳನ್ನು ತೆರೆಯಿತು. ಬಳಸಿದಷ್ಟಕ್ಕೆ ಹಣ, ಸುಗ್ಗಿಯಲ್ಲಿ ಹೆಚ್ಚಿಸಿ, ಅನಂತರ ತಗ್ಗಿಸಬಹುದು. ಅಂಗಡಿಯ ಕಂಪ್ಯೂಟರು ಕೆಟ್ಟರೂ ಲೆಕ್ಕ ಉಳಿಯುತ್ತದೆ. ಸಣ್ಣ ವರ್ತಕರಿಗೆ ಇದು ದೊಡ್ಡ ಅನುಕೂಲವೆಂದೇ ನಮ್ಮ ಅಭಿಪ್ರಾಯ.

ಆದರೆ 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ಇಂತಹ ಕಟ್ಟಡವೊಂದು ಸುಟ್ಟುಹೋಯಿತು. ಬೇರೆ ಊರಿನಲ್ಲಿ ಪ್ರತಿ ಇರಿಸಿದ್ದವರು ಚೇತರಿಸಿಕೊಂಡರು. ಪ್ರತಿಯೂ ಅಲ್ಲಿಯೇ ಇದ್ದ ಕೆಲವರಿಗೆ ಮೂಲದೊಡನೆ ಅದೂ ಹೋಯಿತು.

ನಮ್ಮ ಜಿಎಸ್‌ಟಿ ಕಾಯಿದೆಯಂತೆ, ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಯ್ದಿಡುವ ಹೊಣೆ ವರ್ತಕನದೇ. ಯಂತ್ರ ಪರರದಾದರೂ ಅಧಿಕಾರಿಗಳು ಕೇಳುವುದು ನಮ್ಮನ್ನು! ಆದುದರಿಂದ ಕರಾರಿಗೆ ಮುನ್ನ ವಿಚಾರಿಸಿರಿ: ಪ್ರತಿಯು ಬೇರೆ ಊರಿನಲ್ಲಿದೆಯೇ? ಸೇವೆ ಬಿಟ್ಟಾಗ ಲೆಕ್ಕವೆಲ್ಲ ನಮ್ಮ ಕೈಗೆ ಮರಳುವುದೇ? ತಿಂಗಳಿಗೊಮ್ಮೆ ಒಂದು ಪ್ರತಿಯನ್ನು ಮನೆಯಲ್ಲಿಯೂ ಇಟ್ಟುಕೊಳ್ಳಿರಿ. ಗುಪ್ತಪದವನ್ನು ಗುಮಾಸ್ತನೊಬ್ಬನಿಗೇ ಬಿಡದೆ, ಮನೆಯ ಇನ್ನೊಬ್ಬರಿಗೂ ತಿಳಿಸಿರಿ. ಲೆಕ್ಕದಲ್ಲಿ ಗಟ್ಟಿಗರಾದ ಗೃಹಿಣಿಯರು ನಮ್ಮಲ್ಲೇನೂ ಕಡಿಮೆಯಿಲ್ಲ.