ಸರಾಸರಿ ಲೆಕ್ಕದಿಂದ ಬೆಂಕಿ ಆರದು

ಬೊಕ್ಕಸ ಬರಿದಾದಾಗಲೆಲ್ಲ ಆಡಳಿತಗಾರರ ಕಣ್ಣು ಮೊದಲು ಬೀಳುವುದು ಕಾದು ಕುಳಿತಿರುವ ಸೇವೆಗಳ ಮೇಲೆ. ಅಗ್ನಿಶಾಮಕ ಠಾಣೆಯು ಅಂತಹ ಒಂದು ಸೇವೆ. ಕೆಲವೊಮ್ಮೆ ದಿನಗಟ್ಟಲೆ ಅದರ ವಾಹನಕ್ಕೆ ಕರೆಯೇ ಬಾರದಿರಬಹುದು. ಲೆಕ್ಕಪತ್ರದಲ್ಲಿ ಅದು ದುಂದುವೆಚ್ಚದಂತೆ ಕಾಣಬಹುದು. ಆದರೆ ಸಜ್ಜಾಗಿ ಕಾದಿರುವುದೇ ಅದರ ಕೆಲಸ. ಈ ಸರಳ ಸತ್ಯವನ್ನು ಆಡಳಿತ ಮರೆತರೆ ಅದಕ್ಕೆ ಬೆಲೆ ತೆರುವವರು ಜನಸಾಮಾನ್ಯರು.

ಲಂಡನ್ನಿನ ಉದಾಹರಣೆಯನ್ನೇ ನೋಡೋಣ. 2013ರಲ್ಲಿ ಅಲ್ಲಿನ ಮೇಯರ್ ಆಗಿದ್ದ ಬೋರಿಸ್ ಜಾನ್ಸನ್ ಮಿತವ್ಯಯದ ಹೆಸರಿನಲ್ಲಿ ಅಗ್ನಿಶಾಮಕ ಠಾಣೆಗಳನ್ನು ಮುಚ್ಚುವ ಯೋಜನೆಯನ್ನು ಮುಂದಿಟ್ಟರು. ಬಡಾವಣೆಗಳಲ್ಲಿ ಸಭೆಗಳು ನಡೆದವು. ಅಗ್ನಿಶಾಮಕ ಸಿಬ್ಬಂದಿಯೂ ನಿವಾಸಿಗಳೂ ಜೊತೆಯಾಗಿ ಬೀದಿಗಿಳಿದರು. ನಗರದ ಅಗ್ನಿಶಾಮಕ ಪ್ರಾಧಿಕಾರವೇ ಯೋಜನೆಯನ್ನು ಒಪ್ಪಲಿಲ್ಲ. ಆಗ ಮೇಯರ್ ತಮ್ಮ ವಿಶೇಷಾಧಿಕಾರವನ್ನು ಬಳಸಿ ಅದನ್ನು ಜಾರಿಗೊಳಿಸುವಂತೆ ಆದೇಶಿಸಿದರು. ಏಳು ಸ್ಥಳೀಯ ಆಡಳಿತ ಸಂಸ್ಥೆಗಳು ಹೈಕೋರ್ಟಿನ ಮೆಟ್ಟಿಲೇರಿದವಾದರೂ ಡಿಸೆಂಬರಿನಲ್ಲಿ ಅವರ ಅರ್ಜಿ ತಿರಸ್ಕೃತವಾಯಿತು. 2014ರ ಜನವರಿ 9ರಂದು ಒಂದೇ ದಿನ ಹತ್ತು ಠಾಣೆಗಳ ಬಾಗಿಲು ಮುಚ್ಚಿತು. ಅದರಲ್ಲಿ 1872ರಿಂದ ಸೇವೆ ಸಲ್ಲಿಸಿದ್ದ ಕ್ಲರ್ಕನ್‌ವೆಲ್ ಠಾಣೆಯೂ ಒಂದು. ಇಡೀ ಯೋಜನೆಯಿಂದ 14 ಅಗ್ನಿಶಾಮಕ ವಾಹನಗಳೂ 552 ಹುದ್ದೆಗಳೂ ಇಲ್ಲವಾದವು.

ಈ ಕ್ರಮಕ್ಕೆ ನೀಡಲಾದ ಸಮರ್ಥನೆ ಗಮನಾರ್ಹವಾದುದು. ಮೊದಲ ವಾಹನ ಸರಾಸರಿ ಆರು ನಿಮಿಷದೊಳಗೆ, ಎರಡನೆಯದು ಸರಾಸರಿ ಎಂಟು ನಿಮಿಷದೊಳಗೆ ತಲುಪಬೇಕೆಂಬುದು ನಗರದ ಗುರಿ. ಠಾಣೆಗಳನ್ನು ಮುಚ್ಚಿದರೂ ಈ ಗುರಿಗೆ ಧಕ್ಕೆಯಿಲ್ಲ ಎಂದು ವಾದಿಸಲಾಯಿತು. ಆದರೆ ಒಂದು ಬೀದಿಗೆ ಮೂರು ನಿಮಿಷದಲ್ಲೂ ಇನ್ನೊಂದು ಬೀದಿಗೆ ಒಂಬತ್ತು ನಿಮಿಷದಲ್ಲೂ ವಾಹನ ತಲುಪಿದರೆ ಸರಾಸರಿ ಆರೇ ಆಗುತ್ತದೆ. ಕೋಣೆಯೊಂದರ ಮೂಲೆಯ ಕಿಡಿ ಇಡೀ ಕೋಣೆಯನ್ನು ಆವರಿಸಲು ಕೆಲವೇ ನಿಮಿಷ ಸಾಕು. ಒಂಬತ್ತನೆಯ ನಿಮಿಷಕ್ಕಾಗಿ ಕಾಯುವ ತಾಯಿಗೆ ಸರಾಸರಿಯ ಸಾಂತ್ವನ ಯಾವ ಉಪಯೋಗಕ್ಕೆ ಬಂದೀತು?

ಲಂಡನ್ನಿನಲ್ಲಿ ಬೆಂಕಿ ಅನಾಹುತಗಳು ಅದಕ್ಕೆ ಮೊದಲೇ ಗಣನೀಯವಾಗಿ ಇಳಿದಿದ್ದವು, ಮುನ್ನೆಚ್ಚರಿಕೆಗೆ ಹಣ ವ್ಯಯಿಸುವುದೇ ಲೇಸು ಎಂಬ ವಾದವೂ ಇತ್ತು. ಅದರಲ್ಲಿ ತಥ್ಯವಿದೆ. 2017ರ ಜೂನ್ 14ರಂದು ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದಾಗ ಅಗ್ನಿಶಾಮಕ ದಳದವರು ಬೇಗನೆ ಬಂದಿದ್ದರು. ಆದರೂ ಗೋಡೆಗೆ ಹೊದಿಸಿದ್ದ ದಹನಶೀಲ ಹಲಗೆಗಳಿಂದಾಗಿ ಬೆಂಕಿ ಮಹಡಿಯಿಂದ ಮಹಡಿಗೆ ಹಬ್ಬಿ 72 ಮಂದಿ ಪ್ರಾಣ ತೆತ್ತರು. ಸುರಕ್ಷತೆಯ ಬಗ್ಗೆ ನಿವಾಸಿಗಳು ಮೊದಲೇ ನೀಡಿದ್ದ ಎಚ್ಚರಿಕೆಗೆ ಯಾರೂ ಕಿವಿಗೊಟ್ಟಿರಲಿಲ್ಲ. ಮುನ್ನೆಚ್ಚರಿಕೆಯನ್ನೂ ಕಡೆಗಣಿಸಿ ಠಾಣೆಯನ್ನೂ ಮುಚ್ಚುವುದಾದರೆ ಜನರ ಪಾಲಿಗೆ ಉಳಿಯುವುದೇನು?

ಹಾಗಾದರೆ ಜನರ ಹೋರಾಟ ನಿಷ್ಫಲವೇ? ಅಲ್ಲ ಎನ್ನುತ್ತದೆ ನ್ಯೂಯಾರ್ಕಿನ ಇತಿಹಾಸ. 1975ರಲ್ಲಿ ಆ ನಗರ ದಿವಾಳಿಯ ಅಂಚಿನಲ್ಲಿತ್ತು. ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗಿನ ಠಾಣೆಯಿಂದ ‘ಎಂಜಿನ್ 212’ ವಾಹನವನ್ನು ಒಯ್ಯಲು ನವೆಂಬರಿನಲ್ಲಿ ನಿರ್ಧರಿಸಲಾಯಿತು. ಕಾರ್ಖಾನೆಗಳ ಮಗ್ಗುಲಲ್ಲಿ ಹಳೆಯ ಮರದ ಮನೆಗಳಲ್ಲಿ ಬದುಕುತ್ತಿದ್ದ ಶ್ರಮಿಕರು ಠಾಣೆಯೊಳಗೇ ಬೀಡುಬಿಟ್ಟು ವಾಹನವನ್ನು ತಡೆಹಿಡಿದರು. ಸುಮಾರು 16 ತಿಂಗಳು ಸರದಿಯಂತೆ ಕಾವಲು ಕಾದರು. ‘ಜನರ ಅಗ್ನಿಶಾಮಕ ಠಾಣೆ’ ಎಂದೇ ಅದು ಹೆಸರಾಯಿತು. ಕೊನೆಗೆ ಮಣಿದ ಆಡಳಿತವು ಠಾಣೆಗೆ ಮರುಜೀವ ನೀಡಿತು. ಅದೇ ದಶಕದಲ್ಲಿ ಅಗ್ನಿಶಾಮಕ ತಂಡಗಳನ್ನು ಕಳಕೊಂಡ ದಕ್ಷಿಣ ಬ್ರಾಂಕ್ಸಿನ ಬಡ ಬಡಾವಣೆಗಳು ಬೆಂಕಿಗೆ ಸಿಲುಕಿ ಪಾಳು ಬಿದ್ದವು.

ಗೆಲುವೂ ಶಾಶ್ವತವಲ್ಲ ಎಂಬುದನ್ನು ಮರೆಯಬಾರದು. 2003ರಲ್ಲಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಆಡಳಿತವು ಆ ಠಾಣೆಯ ತಂಡವೂ ಸೇರಿದಂತೆ ಆರು ಅಗ್ನಿಶಾಮಕ ತಂಡಗಳನ್ನು ರದ್ದುಪಡಿಸಿತು. 2011ರಲ್ಲಿ ಮತ್ತೆ 20 ಅಗ್ನಿಶಾಮಕ ತಂಡಗಳನ್ನು ರದ್ದುಪಡಿಸಲು ಹೊರಟಾಗ ಮಾತ್ರ ಜನರ ಹಾಗೂ ನಗರ ಪರಿಷತ್ತಿನ ಪ್ರತಿರೋಧಕ್ಕೆ ಮಣಿದು ಹಿಂದೆ ಸರಿಯಬೇಕಾಯಿತು. ಎಚ್ಚರದಿಂದಿರುವ ಜನತೆಯ ಠಾಣೆ ಉಳಿಯುತ್ತದೆ. ಎಚ್ಚರ ತಪ್ಪಿದಲ್ಲಿ ಕತ್ತರಿ ಬೀಳುತ್ತದೆ.

ನಮ್ಮ ಪಟ್ಟಣಗಳ ಪಾಲಿಗೂ ಇದರಲ್ಲಿ ಪಾಠವಿದೆ. 1992ರ 74ನೇ ಸಂವಿಧಾನ ತಿದ್ದುಪಡಿಯು ಅಗ್ನಿಶಾಮಕ ಸೇವೆಯನ್ನು ನಗರಾಡಳಿತ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಗೆ ಸೇರಿಸಿದೆ. ಕರ್ನಾಟಕದಲ್ಲಿ ಅದನ್ನು ನಡೆಸುತ್ತಿರುವುದು ರಾಜ್ಯ ಸರಕಾರದ ಇಲಾಖೆ. ಆದ್ದರಿಂದ ವಾರ್ಡಿನ ಸದಸ್ಯರನ್ನೂ ಶಾಸಕರನ್ನೂ ನಾವು ಪ್ರಶ್ನಿಸಬೇಕಾಗಿದೆ. ಹತ್ತಿರದ ಠಾಣೆ ಎಷ್ಟು ದೂರದಲ್ಲಿದೆ? ಅಲ್ಲಿ ಸಾಕಷ್ಟು ಸಿಬ್ಬಂದಿ ಇದ್ದಾರೆಯೇ? ಮತ ಕೇಳಲು ಬರುವವರಿಗೆ ಈ ಪ್ರಶ್ನೆಗಳನ್ನು ಹಾಕಿದವರು ನಮ್ಮಲ್ಲೆಷ್ಟು ಮಂದಿ?

ಅದರ ಜೊತೆಗೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೆ. ಮೊಹಲ್ಲಾದ ಇಕ್ಕಟ್ಟಾದ ಗಲ್ಲಿಗಳಲ್ಲಿ ಮೆಟ್ಟಿಲು, ಚಾವಡಿ, ಅಂಗಡಿಯ ಚಪ್ಪರವನ್ನು ರಸ್ತೆಗೆ ಚಾಚಿ, ಅಗ್ನಿಶಾಮಕ ವಾಹನಕ್ಕೆ ದಾರಿ ಮುಚ್ಚಿರುವವರು ಯಾರು? ಠಾಣೆಗಾಗಿ ದನಿಯೆತ್ತುವವರು ಮೊದಲು ಅದರ ವಾಹನಕ್ಕೆ ದಾರಿ ಬಿಟ್ಟುಕೊಡಬೇಕು. ಬೆಂಕಿಯು ಜಾತಿ ಧರ್ಮ ನೋಡಿ ಹಬ್ಬುವುದಿಲ್ಲ. ಈ ಬೇಡಿಕೆಯೂ ಒಂದು ಸಮುದಾಯದ್ದಾಗದೆ ಇಡೀ ಬಡಾವಣೆಯದ್ದಾಗಲಿ. ಪಕ್ಕದ ಬೀದಿಯವರನ್ನೂ ಜೊತೆಗೂಡಿಸಿಕೊಂಡು ಅರ್ಜಿ ಬರೆಯೋಣ. ಹೊಗೆ ಕಂಡ ಬಳಿಕ ಬರೆದ ಅರ್ಜಿಯಿಂದ ಯಾರ ಮನೆಯೂ ಉಳಿಯಲಾರದು.